ಮನೆಯ ಮೆಣಸಿನ ಗಿಡ: ಬೀಜದಿಂದ ಒಣಕಾಯಿಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ನೆಂಟರಿಷ್ಟರ ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದಂಥವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಉತ್ತರಗಳು ಬಯಲುಸೀಮೆಯ ಹವೆಯನ್ನು ಆಧಾರವಾಗಿ ಇಟ್ಟುಕೊಂಡಿವೆ; ಮಲೆನಾಡು, ಕರಾವಳಿ ಮತ್ತು ಕಲ್ಯಾಣ ಕರ್ನಾಟಕದಲ್ಲಿ ಬದಲಾಗುವ ಸಂಗತಿಗಳನ್ನು ಆಯಾ ಉತ್ತರದಲ್ಲಿಯೇ ಹೇಳಿದೆ.

## ಶುರು ಮಾಡುವ ಮೊದಲು

ಮೆಣಸಿನಕಾಯಿ ಹಾಕೋಕೆ ಸರಿಯಾದ ತಿಂಗಳು ಯಾವುದು?

ಬಯಲುಸೀಮೆಯಲ್ಲಿ ರೋಹಿಣಿ ಮತ್ತು ಮೃಗಶಿರಾ ಮಳೆಗಳ ದಿನಗಳು, ಅಂದರೆ ಮೇ ಕೊನೆಯ ವಾರದಿಂದ ಜೂನ್ ಮೂರನೆಯ ವಾರದವರೆಗಿನ ಅವಧಿ, ಬೀಜ ಹಾಕಲು ಎಲ್ಲಕ್ಕಿಂತ ಒಳ್ಳೆಯದು. ಆಗ ಹಾಕಿದ ಬೀಜದ ಸಸಿ ಜುಲೈಯಲ್ಲಿ ನಾಟಿಗೆ ಸಿದ್ಧವಾಗುತ್ತದೆ, ಆಗಸ್ಟ್ ಕೊನೆಗೆ ಹೂ ಬಿಡುತ್ತದೆ, ದಸರೆಗೆ ಮುಂಚೆಯೇ ಹಸಿಕಾಯಿ ಕೊಡಲು ತೊಡಗಿ ದೀಪಾವಳಿಯ ಆಸುಪಾಸಿಗೆ ಕೆಂಪು ಹಣ್ಣನ್ನೂ ಕೊಡುತ್ತದೆ. ಆರೈಕೆ ಸರಿಯಿದ್ದರೆ ಸಂಕ್ರಾಂತಿ ದಾಟಿ ಶಿವರಾತ್ರಿಯವರೆಗೂ ಕಾಯಿ ಬರುತ್ತಲೇ ಇರುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಎರಡನೆಯ ಅವಕಾಶ. ಕರಾವಳಿ ಮತ್ತು ಮಲೆನಾಡಿನವರಿಗೆ ಈ ಎರಡನೆಯದೇ ಮೊದಲ ಆಯ್ಕೆಯಾಗಬೇಕು, ಏಕೆಂದರೆ ಜೂನ್–ಜುಲೈಯ ಜಡಿಮಳೆಯಲ್ಲಿ ಎಳೆಯ ಸಸಿಯ ಬುಡ ಕೊಳೆಯುತ್ತದೆ. ಜನವರಿ–ಫೆಬ್ರವರಿಯಲ್ಲಿ ಬಿತ್ತಿ ಬೇಸಿಗೆ ಬೆಳೆ ತೆಗೆಯುವುದು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ನಡೆಯುತ್ತದೆ; ರಾಯಚೂರು, ಕಲಬುರಗಿ, ಬಳ್ಳಾರಿಯ ಬಿಸಿಲಿಗೆ ಹೂವೆಲ್ಲ ಉದುರುವುದರಿಂದ ಅಲ್ಲಿ ಆ ಶ್ರಮ ಬೇಡ.

ಮೊದಲ ಸಲ ಹಾಕ್ತಿದ್ದೀನಿ, ಯಾವ ತಳಿ ತಗೊಳ್ಳಲಿ?

ದಿನದ ಅಡುಗೆಗೆ ಹಸಿಮೆಣಸಿನಕಾಯಿ ಬೇಕೆನ್ನುವವರು ಜ್ವಾಲಾ ತಳಿಯಿಂದ ಆರಂಭಿಸಬಹುದು. ಉದ್ದವಾದ, ಸಣ್ಣಗೆ ಸುಕ್ಕುಗಟ್ಟಿದ ಕಾಯಿ ಬಿಡುವ ಈ ಗಿಡ ಕುಳ್ಳಗಿರುತ್ತದೆ, ಕುಂಡಕ್ಕೆ ಚೆನ್ನಾಗಿ ಒಗ್ಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ಖಾರ ಬಯಸುವವರಿಗೆ ತಕ್ಕದ್ದು. ಬಣ್ಣಕ್ಕಾಗಿ ಬೆಳೆಯುವುದಾದರೆ ಬ್ಯಾಡಗಿಗೆ ಸಾಟಿಯಿಲ್ಲ: ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತು 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಯಲ್ಲಿ ಖಾರ ಕಡಿಮೆ, ಕೆಂಪು ಹೆಚ್ಚು. ಅದರಲ್ಲಿ ಗಿಡ್ಡಗೆ ದಪ್ಪಗಿರುವುದು ಡಬ್ಬಿ, ಉದ್ದಕ್ಕೆ ಸಣ್ಣಗಿರುವುದು ಕಡ್ಡಿ. ಮಳೆ ಜಾಸ್ತಿಯಿರುವ ಊರಿನವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಗಾಂಧಾರಿ ಅಥವಾ ಜೀರಿಗೆ ಮೆಣಸನ್ನು. ಬೆರಳ ತುದಿಯಷ್ಟು ಕಾಯಿ, ಸುಡುವ ಖಾರ, ಒಮ್ಮೆ ಬೇರು ಬಿಟ್ಟರೆ ಹಲವು ವರ್ಷ ಬದುಕುವ ಗಿಡ. ಹೈಬ್ರಿಡ್ ಬೀಜ ಕಾಯಿ ಹೆಚ್ಚು ಕೊಡುವುದು ನಿಜ, ಆದರೆ ಮುಂದಿನ ವರ್ಷಕ್ಕೆ ಅದರಿಂದ ಬೀಜ ಎತ್ತಿಡಲಾಗದು. ಮನೆಯ ಬೆಳೆಗೆ ಬೀಜ ಉಳಿಸಿಕೊಳ್ಳಬಹುದಾದ ತಳಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಅಡುಗೆಮನೆ ಡಬ್ಬಿಯ ಒಣಮೆಣಸಿನಕಾಯಿ ಬೀಜ ಹಾಕಿದ್ರೆ ಗಿಡ ಬರುತ್ತಾ ಅಕ್ಕಾ?

ಹಲವು ಸಲ ಬರುತ್ತದೆ. ಬಿಸಿಲಿನಲ್ಲಿ ಒಣಗಿದ, ಒಂದು ವರ್ಷದೊಳಗಿನ ಕಾಯಿಯ ಬೀಜದಲ್ಲಿ ಜೀವ ಇರುತ್ತದೆ. ಯಂತ್ರದ ಬಿಸಿಗಾಳಿಯಲ್ಲಿ ಒಣಗಿಸಿದ್ದರೆ ಅಥವಾ ಹುರಿದಿದ್ದರೆ ಇರುವುದಿಲ್ಲ. ತೊಂದರೆ ಇರುವುದು ಬೇರೆಡೆ: ಅಂಗಡಿಯ ಕಾಯಿ ಯಾವ ತಳಿಯದು, ಹೈಬ್ರಿಡ್ಡೋ ಅಲ್ಲವೋ, ಆ ಗಿಡಕ್ಕೆ ರೋಗವಿತ್ತೋ ಎಂಬುದು ತಿಳಿಯುವುದಿಲ್ಲ. ಕಾಯಿಯನ್ನು ಒಡೆದಾಗ ಒಳಗೆ ಬೂಷ್ಟು ಅಥವಾ ಕಪ್ಪಾದ ಬೀಜ ಕಂಡರೆ ಬಿತ್ತಲೇಬಾರದು, ಏಕೆಂದರೆ ಕಾಯಿ ಕೊಳೆಸುವ ಚಿಬ್ಬು ರೋಗದ ಶಿಲೀಂಧ್ರ ಬೀಜದ ಜೊತೆಗೇ ಬರುತ್ತದೆ. ಮಕ್ಕಳಿಗೆ ಮೊಳಕೆ ತೋರಿಸಲು ಡಬ್ಬಿಯ ಬೀಜ ಸಾಕು. ಇಡೀ ಹಂಗಾಮು ಕಾಯುವುದಾದರೆ ಹೆಸರು ಗೊತ್ತಿರುವ ಬೀಜ ಕೊಳ್ಳುವುದು ಜಾಣತನ.

ನಮ್ಮ ಬಾಲ್ಕನಿಗೆ ಬೆಳಿಗ್ಗೆ ಮಾತ್ರ ಬಿಸಿಲು, ಸಾಕಾಗುತ್ತಾ?

ಐದಾರು ಗಂಟೆಯ ನೇರ ಬಿಸಿಲು ಸಿಗುವುದಾದರೆ ಸಾಕು. ಮೂರು ಗಂಟೆಗಿಂತ ಕಡಿಮೆಯಾದರೆ ಗಿಡ ಉದ್ದಕ್ಕೆ ಬೆಳೆದು ಬಾಗುತ್ತದೆಯೇ ಹೊರತು ಕಾಯಿ ಹಿಡಿಯುವುದಿಲ್ಲ. ಅಂಥ ಜಾಗದಲ್ಲಿ ಕಡಿಮೆ ಬೆಳಕನ್ನೂ ಸಹಿಸುವ ಗಾಂಧಾರಿಯನ್ನು ಪ್ರಯತ್ನಿಸಬಹುದು.

ನಾಲ್ಕು ಜನರ ಮನೆಗೆ ಎಷ್ಟು ಗಿಡ ಬೇಕು?

ಹಸಿಕಾಯಿಗೆ ನಾಲ್ಕೈದು ಆರೋಗ್ಯವಂತ ಗಿಡಗಳು ಸಾಕು. ವರ್ಷದ ಖಾರದ ಪುಡಿಯನ್ನು ತಾರಸಿಯಲ್ಲೇ ಬೆಳೆಯುವ ಆಸೆ ಇಟ್ಟುಕೊಳ್ಳುವುದು ಬೇಡ, ಒಂದು ಕೆ.ಜಿ. ಒಣಮೆಣಸಿನಕಾಯಿಗೆ ಮೂರರಿಂದ ನಾಲ್ಕು ಕೆ.ಜಿ. ಕೆಂಪು ಹಣ್ಣು ಬೇಕಾಗುತ್ತದೆ. ಸಣ್ಣ ಕುಂಡಗಳಲ್ಲಿ ಇಪ್ಪತ್ತು ಗಿಡ ಸಾಕುವುದಕ್ಕಿಂತ ದೊಡ್ಡ ಕುಂಡಗಳಲ್ಲಿ ಐದು ಗಿಡ ಸಾಕುವುದು ಸುಲಭ, ಕಾಯಿಯೂ ಹೆಚ್ಚು.

## ಬೀಜ, ಸಸಿ, ಕುಂಡ

ಬೀಜ ಹಾಕಿ ಹತ್ತು ದಿನ ಆಯ್ತು, ಮೊಳಕೆನೇ ಇಲ್ಲ. ಏನು ಮಾಡಲಿ?

ಇನ್ನೂ ಕಾಯಬೇಕು. ಮೆಣಸಿನ ಬೀಜ ಟೊಮೆಟೊ ಬೀಜದಷ್ಟು ಅವಸರದ್ದಲ್ಲ. 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಏಳರಿಂದ ಹದಿನಾಲ್ಕು ದಿನಗಳಲ್ಲಿ ಮೊಳೆಯುತ್ತದೆ. ಮೋಡ ಮುಸುಕಿದ ತಂಪು ದಿನಗಳಲ್ಲಿ ಮೂರು ವಾರವೂ ಆಗಬಹುದು. ಬೀಜವನ್ನು ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ ಹಾಕಿ, ಮೇಲೆ ಸಣ್ಣ ಪುಡಿಯ ಎರೆಗೊಬ್ಬರ ಉದುರಿಸಬೇಕು. ಮೊಳಕೆ ಕಾಣುವವರೆಗೆ ಮೇಲ್ಮೈ ಒಣಗಬಾರದು. ಆದರೆ ಚೊಂಬಿನಿಂದ ನೀರು ಸುರಿದರೆ ಬೀಜ ಕೊಚ್ಚಿ ಒಂದು ಮೂಲೆಗೆ ಸೇರುವುದರಿಂದ ಚಿಮುಕಿಸುವುದೇ ಸರಿ. ಎರಡು–ಮೂರು ವರ್ಷ ದಾಟಿದ ಬೀಜವಾದರೆ ಎರಡು ಪಾಲು ಹೆಚ್ಚು ಹಾಕಬೇಕು. ಮೊಳಕೆ ಕಂಡ ದಿನವೇ ತಟ್ಟೆಯನ್ನು ಬೆಳಕಿಗೆ ತಂದಿಡಬೇಕು, ತಡವಾದರೆ ಸಸಿ ಎಳೆದುಕೊಂಡು ದುರ್ಬಲವಾಗುತ್ತದೆ.

ಚೆನ್ನಾಗಿದ್ದ ಸಸಿ ರಾತ್ರಿ ಬೆಳಗಾಗೋದ್ರಲ್ಲಿ ಬುಡದಲ್ಲಿ ಮುರಿದು ಬಿದ್ದಿದೆ, ಯಾಕೆ?

ಇದು ಸಸಿ ಸಾಯುವ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರಗಳು ನೆಲಮಟ್ಟದಲ್ಲಿ ಕಾಂಡವನ್ನು ಕೊಳೆಸುತ್ತವೆ, ಮೇಲಿನ ಭಾಗ ಹಸಿರಾಗಿಯೇ ಇದ್ದು ಮಗುಚಿ ಬೀಳುತ್ತದೆ. ಬಿದ್ದ ಸಸಿಯನ್ನು ಉಳಿಸಲಾಗದು, ಪಕ್ಕದವನ್ನು ಉಳಿಸಬಹುದು: ನೀರನ್ನು ಕೂಡಲೇ ಕಡಿಮೆ ಮಾಡಿ, ಗಾಳಿ ಆಡುವ ಜಾಗಕ್ಕೆ ಸರಿಸಿ, ಒತ್ತಾಗಿ ಬೆಳೆದಿದ್ದರೆ ತೆಳುಗೊಳಿಸಬೇಕು. ಮುಂದಿನ ಸಲ ಬಿತ್ತುವ ಮುನ್ನ ಸಸಿಮಣ್ಣಿಗೆ ರೋಗದ ಶಿಲೀಂಧ್ರಗಳನ್ನು ತಡೆಯುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿಡುವುದು ಒಳ್ಳೆಯ ರಕ್ಷಣೆ. ಪೂರ್ಣ ಕಳಿಯದ ಕೊಟ್ಟಿಗೆ ಗೊಬ್ಬರವನ್ನು ಸಸಿತಟ್ಟೆಗೆ ಹಾಕಲೇಬಾರದು.

ಎಷ್ಟು ದೊಡ್ಡ ಕುಂಡ? ಮಣ್ಣು ಹೇಗೆ ಕಲಸಬೇಕು?

ಒಂದು ಗಿಡಕ್ಕೆ ಕನಿಷ್ಠ 12 ಇಂಚು ಅಗಲ, ಅಷ್ಟೇ ಆಳದ ಕುಂಡ ಬೇಕು. ಹಳೆಯ ಪೇಂಟ್ ಡಬ್ಬ, ಬಕೆಟ್, ಗ್ರೋ ಬ್ಯಾಗ್ ಯಾವುದಾದರೂ ನಡೆಯುತ್ತದೆ, ತಳದಲ್ಲಿ ನಾಲ್ಕೈದು ತೂತುಗಳಿದ್ದು ಡಬ್ಬವನ್ನು ಚೆನ್ನಾಗಿ ತೊಳೆದಿದ್ದರೆ ಸರಿ. ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ: ಇದು ಎಲ್ಲ ಕಡೆಯೂ ಸೋಲದ ಮಿಶ್ರಣ. ಮಳೆ ಹೆಚ್ಚಿರುವಲ್ಲಿ ಕೋಕೋಪೀಟಿನ ಅರ್ಧ ಭಾಗ ತೆಗೆದು ದಪ್ಪ ಮರಳು ಸೇರಿಸಬೇಕು. ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಉಳಿದಿರಬಹುದಾದ್ದರಿಂದ ನೆನೆಸಿ, ಒಂದೆರಡು ಸಲ ನೀರು ಬಸಿದ ಮೇಲೆಯೇ ಬಳಸಬೇಕು. ಧಾರವಾಡ, ಗದಗ, ಹಾವೇರಿ ಕಡೆಯ ಎರೆಮಣ್ಣು (ಕಪ್ಪು ಮಣ್ಣು) ಹೊಲದಲ್ಲಿ ಬ್ಯಾಡಗಿಯನ್ನು ಸೊಗಸಾಗಿ ಬೆಳೆಸುತ್ತದೆ. ಅದೇ ಮಣ್ಣು ಕುಂಡದಲ್ಲಿ ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ, ನೆನೆದಾಗ ನೀರು ಬಿಡುವುದಿಲ್ಲ. ಅದನ್ನೇ ಬಳಸಬೇಕಾದರೆ ಕಾಲು ಪಾಲಿಗಿಂತ ಹೆಚ್ಚು ಹಾಕಬಾರದು. ಟೊಮೆಟೊ, ಬದನೆ, ಆಲೂಗಡ್ಡೆ ಬೆಳೆದ ಹಳೆಯ ಮಣ್ಣೂ ಬೇಡ, ಅವೆಲ್ಲ ಒಂದೇ ಕುಟುಂಬದ ಗಿಡಗಳಾದ್ದರಿಂದ ರೋಗವನ್ನು ಹಂಚಿಕೊಳ್ಳುತ್ತವೆ.

ಸಸಿನ ಯಾವಾಗ ಕಿತ್ತು ನೆಡಬೇಕು? ನೆಟ್ಟ ಮೇಲೆ ಬಾಡ್ತಾ ಇದೆ.

ಐದಾರು ವಾರ ತುಂಬಿ, ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು ಐದಾರು ನಿಜವಾದ ಎಲೆ ಬಂದ ಸಸಿ ನಾಟಿಗೆ ಸಿದ್ಧ. ನೆಡುವ ಮುಂಚಿನ ಒಂದು ವಾರ ದಿನಕ್ಕೊಂದಿಷ್ಟು ಹೆಚ್ಚು ಬಿಸಿಲಿಗೆ ಇಟ್ಟು, ನೀರು ತುಸು ಬಿಗಿ ಹಿಡಿದು ಸಸಿಯನ್ನು ಗಟ್ಟಿ ಮಾಡಬೇಕು. ನಾಟಿ ಸಂಜೆಯೇ ಆಗಬೇಕು, ಬೇರಿನ ಮಣ್ಣು ಉದುರಬಾರದು. ನೆಟ್ಟ ಎರಡು–ಮೂರು ದಿನ ಮಧ್ಯಾಹ್ನ ಬಾಡುವುದು ಸಹಜ; ಆ ದಿನಗಳಲ್ಲಿ ನೆರಳು ಕೊಡಬೇಕೇ ಹೊರತು ಬಾಡಿದಾಗಲೆಲ್ಲ ನೀರು ಹಾಕುತ್ತ ಹೋಗಬಾರದು.

## ಬೆಳೆಯುವ ದಿನಗಳು

ದಿನಾ ನೀರು ಹಾಕಬೇಕಾ?

ದಿನವಲ್ಲ, ಮಣ್ಣು ಹೇಳಬೇಕು. ಬೆರಳನ್ನು ಒಂದು ಇಂಚು ಆಳಕ್ಕೆ ಇಳಿಸಿದಾಗ ಒಣಗಿದ್ದರೆ ಬೆಳಿಗ್ಗೆ ತಳದ ತೂತಿನಿಂದ ಹೊರಬರುವಷ್ಟು ನೀರು ಕೊಡಬೇಕು, ತೇವವಿದ್ದರೆ ಬಿಡಬೇಕು. ಏಪ್ರಿಲ್‌ನಲ್ಲಿ ಇದು ದಿನಕ್ಕೊಮ್ಮೆ ಆಗಬಹುದು, ಮಳೆಗಾಲದಲ್ಲಿ ವಾರವಿಡೀ ಬೇಡವಾಗಬಹುದು. ಮೆಣಸಿನ ಗಿಡ ಬಾಯಾರಿಕೆಯನ್ನು ಒಂದು ದಿನ ತಡೆದುಕೊಳ್ಳುತ್ತದೆ, ನಿಂತ ನೀರನ್ನು ತಡೆದುಕೊಳ್ಳುವುದಿಲ್ಲ. ಆದ್ದರಿಂದ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ಉಳಿಯಬಾರದು. ಒಣ ಎಲೆ, ತೆಂಗಿನ ನಾರು ಅಥವಾ ಭತ್ತದ ಹುಲ್ಲನ್ನು ಎರಡು ಇಂಚು ಹೊದಿಸಿದರೆ ಬೇಸಿಗೆಯ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕುಡಿ ಚಿವುಟಬೇಕು ಅಂತಾರೆ, ಚಿವುಟಿದ್ರೆ ಗಿಡ ಸಾಯಲ್ವಾ?

ಸಾಯುವುದಿಲ್ಲ, ಆದರೆ ಎಲ್ಲ ಗಿಡಕ್ಕೂ ಬೇಕಾಗಿಲ್ಲ. ಜ್ವಾಲಾದಂಥ ತಳಿ ತಾನಾಗಿಯೇ ಕವಲೊಡೆಯುತ್ತದೆ. ಕಡಿಮೆ ಬೆಳಕಿನಲ್ಲಿ ಒಂದೇ ಕೋಲಾಗಿ ಬೆಳೆಯುವ ಗಿಡವನ್ನು ಅರ್ಧ ಅಡಿ ಎತ್ತರದಲ್ಲಿ ಚಿವುಟಿದರೆ ಕವಲು ಹೆಚ್ಚುತ್ತವೆ, ಕಾಯಿ ಮಾತ್ರ ಒಂದೆರಡು ವಾರ ತಡವಾಗುತ್ತದೆ. ನೆಟ್ಟ ಹೊಸದರಲ್ಲೇ ಬರುವ ಮೊದಲ ಒಂದೆರಡು ಹೂವನ್ನು ತೆಗೆಯುವುದು ಇದಕ್ಕಿಂತ ಉಪಯುಕ್ತ, ಏಕೆಂದರೆ ಗಿಡದ ಬಲ ಆಗ ಬೇರಿಗೆ ಹೋಗುತ್ತದೆ.

ಯಾವ ಗೊಬ್ಬರ, ಎಷ್ಟು ದಿನಕ್ಕೊಮ್ಮೆ? ಬಾಳೆಹಣ್ಣಿನ ಸಿಪ್ಪೆ ನೀರು ಹಾಕ್ತಾ ಇದ್ದೀನಿ.

ನಾಟಿಯಾದ ಮೂರು ವಾರದ ನಂತರ ಆರಂಭಿಸಿ, ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ ಹಾಕಿ ಮೇಲ್ಮಣ್ಣು ಕೆದಕಿದರೆ ಹೆಚ್ಚಿನ ಅಗತ್ಯ ಪೂರೈಸುತ್ತದೆ. ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ತಿಳಿಯನ್ನು ಹತ್ತು ಪಟ್ಟು ನೀರಿಗೆ ಬೆರೆಸಿ ತಿಂಗಳಿಗೊಮ್ಮೆ ಕೊಡಬಹುದು. ಸಗಣಿ, ಗಂಜಲ, ಬೆಲ್ಲ ಬೆರೆಸಿ ಕಳಿಸಿದ ಜೀವಾಮೃತ ಸಿಗುವವರಿಗೆ ಅದೂ ಒಳ್ಳೆಯದು. ಹೂ ಕಾಣಿಸಿದ ಮೇಲೆ ಸಾರಜನಕ ಹೆಚ್ಚಿರುವ ಹಿಂಡಿಯನ್ನು ಕಡಿಮೆ ಮಾಡಬೇಕು. ಎಲೆ ಕಡುಹಸಿರಾಗಿ ದೊಡ್ಡದಾಗುತ್ತ, ಹೂ ಬಾರದೆ ಹೋಗುವುದಕ್ಕೆ ಅತಿಯಾದ ಸಾರಜನಕವೇ ಸಾಮಾನ್ಯ ಕಾರಣ. ಆ ಹಂತದಲ್ಲಿ ಬೇಕಾದ ಪೊಟ್ಯಾಷ್ ಸೌದೆಯ ಬೂದಿಯಲ್ಲಿದೆ, ಒಂದು ಕುಂಡಕ್ಕೆ ಒಂದೆರಡು ಚಮಚಕ್ಕಿಂತ ಹೆಚ್ಚು ಬೇಡ, ಇಲ್ಲದಿದ್ದರೆ ಮಣ್ಣು ಕ್ಷಾರವಾಗುತ್ತದೆ. ಬಾಳೆಸಿಪ್ಪೆ ನೆನೆಸಿದ ನೀರಿನಲ್ಲಿ ಪೋಷಕಾಂಶ ಅಲ್ಪ, ನೊಣಗಳು ಬಹಳ. ಸಿಪ್ಪೆಯನ್ನು ಕಾಂಪೋಸ್ಟಿಗೆ ಹಾಕಿದರೆ ಅದರ ಸತ್ವವೆಲ್ಲ ಗಿಡಕ್ಕೆ ದಕ್ಕುತ್ತದೆ.

ಹೂ ತುಂಬಾ ಬಿಡುತ್ತೆ, ಎಲ್ಲ ಉದುರಿ ಹೋಗುತ್ತೆ. ಒಂದು ಕಾಯಿನೂ ನಿಲ್ತಿಲ್ಲ ಮೇಡಂ.

ಮೊದಲು ಹವೆಯನ್ನು ನೋಡಬೇಕು. ಹಗಲು 35 ಡಿಗ್ರಿ ದಾಟಿದಾಗ, ಅಥವಾ ರಾತ್ರಿಯೂ ಸೆಕೆ ಇಳಿಯದಿದ್ದಾಗ, ಪರಾಗ ಕೆಲಸ ಮಾಡದೆ ಹೂ ತೊಟ್ಟಿನ ಸಮೇತ ಕಳಚುತ್ತದೆ. ಏಪ್ರಿಲ್–ಮೇ ತಿಂಗಳ ಹೂ ಉದುರುವಿಕೆಗೆ ಇದೇ ಕಾರಣವಾಗಿದ್ದರೆ ಮಧ್ಯಾಹ್ನದ ಹೊತ್ತು ಹಸಿರು ನೆರಳುಬಲೆ ಕಟ್ಟಿ, ಮಳೆ ಬೀಳುವವರೆಗೆ ತಾಳಬೇಕು. ಗಿಡ ಮತ್ತೆ ಹೂ ಬಿಡುತ್ತದೆ. ಹವೆ ಹಿತವಾಗಿದ್ದೂ ಉದುರುತ್ತಿದ್ದರೆ ಮಣ್ಣು ಒಮ್ಮೆ ಪೂರ್ತಿ ಒಣಗಿ ಒಮ್ಮೆ ಕೆಸರಾಗುತ್ತಿದೆಯೇ ಎಂದು ಗಮನಿಸಬೇಕು. ಅದೂ ಇಲ್ಲದಿದ್ದರೆ ಒಂದು ಹೂವನ್ನು ಬಿಳಿ ಕಾಗದದ ಮೇಲೆ ಕೊಡವಬೇಕು. ಓಡಾಡುವ ಸಣ್ಣ ಕಪ್ಪು ಗೆರೆಗಳಂಥ ಹುಳುಗಳು ಕಂಡರೆ ಅವು ರಸ ಹೀರುವ ಥ್ರಿಪ್ಸ್ ಕೀಟಗಳು; ಪರಿಹಾರ ಮುಂದೆ ಎಲೆ ಮುದುರುವ ಪ್ರಶ್ನೆಯಲ್ಲಿದೆ. ಮೆಣಸಿನ ಹೂವಿನಲ್ಲಿ ಗಂಡು–ಹೆಣ್ಣು ಎರಡೂ ಭಾಗಗಳಿರುವುದರಿಂದ ಜೇನುನೊಣವಿಲ್ಲದೆಯೂ ಕಾಯಿ ಕಟ್ಟುತ್ತದೆ, ಆದರೆ ಗಾಳಿ ಆಡದ, ಬಲೆ ಹಾಕಿದ ಬಾಲ್ಕನಿಗಳಲ್ಲಿ ಬೆಳಿಗ್ಗೆ ಗಿಡವನ್ನು ಮೆಲ್ಲಗೆ ಅಲುಗಿಸುವುದು ಸಹಾಯಕ.

## ರೋಗ, ಕೀಟ

ಎಲೆ ಮುದುರ್ತಾ ಇದೆ! ಎಲ್ಲ ಔಷಧಿ ಹೊಡೆದಾಯ್ತು, ಏನೂ ಆಗ್ತಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಉತ್ತರ ಉದ್ದವಾಗುವುದು ಅನಿವಾರ್ಯ, ಏಕೆಂದರೆ ನಾವು ಒಟ್ಟಾಗಿ ಮುಟುರು ರೋಗ ಎಂದು ಕರೆಯುವುದರ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿವೆ, ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಔಷಧಿಗೆ ಕೈಹಾಕುವ ಮುನ್ನ ಎಲೆ ಯಾವ ಕಡೆಗೆ ಮುದುರಿದೆ ಎಂದು ನೋಡಲೇಬೇಕು.

ಎಲೆಯ ಅಂಚುಗಳು ಮೇಲಕ್ಕೆ ಎದ್ದು ದೋಣಿಯಂತಾಗಿದ್ದರೆ, ತಳದಲ್ಲಿ ಬೆಳ್ಳಿಬಣ್ಣದ ಗೀರುಗಳಿದ್ದರೆ, ಅದು ಥ್ರಿಪ್ಸ್ ಕೀಟದ ಕೆಲಸ. ಒಣ ಹವೆಯಲ್ಲಿ ಇದರ ಹಾವಳಿ ಹೆಚ್ಚು. ಭಾರತದಲ್ಲಿ 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಮೊದಲು ವರದಿಯಾದ ಹೊಸ ಕಪ್ಪು ಥ್ರಿಪ್ಸ್ 2021ರ ಹಂಗಾಮಿನಲ್ಲಿ ದಕ್ಷಿಣ ಭಾರತದ ಮೆಣಸಿನ ಹೊಲಗಳನ್ನು ದೊಡ್ಡ ಪ್ರಮಾಣದಲ್ಲಿ ಹಾಳುಮಾಡಿತು. ಅದು ಹೂವಿನೊಳಗೆ ಅಡಗುವುದರಿಂದ ಎಲೆಗೆ ಮಾತ್ರ ಸಿಂಪಡಿಸಿದರೆ ತಲುಪುವುದಿಲ್ಲ. ನೀಲಿ ಬಣ್ಣದ ಅಂಟುಕಾರ್ಡನ್ನು ಗಿಡದ ಎತ್ತರಕ್ಕೆ ತೂಗುಹಾಕಿ, ಬೇವಿನ ಎಣ್ಣೆಯನ್ನು ಹೂ ಮತ್ತು ಎಲೆಯ ತಳಕ್ಕೆ ತಾಗುವಂತೆ ವಾರಕ್ಕೊಮ್ಮೆ ಮೂರು–ನಾಲ್ಕು ಸಲ ಸಿಂಪಡಿಸಬೇಕು.

ಎಲೆ ಕೆಳಕ್ಕೆ ಮಡಚಿ, ಕಿರಿದಾಗಿ, ತೊಟ್ಟು ಅಸಹಜವಾಗಿ ಉದ್ದವಾಗಿದ್ದರೆ ಮತ್ತು ತೊಂದರೆ ಕುಡಿಯ ಎಲೆಗಳಲ್ಲೇ ಹೆಚ್ಚಿದ್ದರೆ ಅದು ಮೈಟ್ ನುಸಿ. ಬರಿಗಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿ ಬೇಕು. ಇದು ಕೀಟವಲ್ಲ, ಜೇಡದ ಬಳಗದ ಜೀವಿ, ಹಾಗಾಗಿ ಅನೇಕ ಕೀಟನಾಶಕಗಳು ಇದನ್ನು ಮುಟ್ಟುವುದಿಲ್ಲ. ನೈಸರ್ಗಿಕ ಶತ್ರುಗಳನ್ನು ಕೊಂದು ನುಸಿಯನ್ನು ಹೆಚ್ಚಿಸುತ್ತವೆ ಕೂಡ. ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಂ ಪ್ರಮಾಣದಲ್ಲಿ ಸಂಜೆ ಸಿಂಪಡಿಸುವುದು ಪರಿಣಾಮಕಾರಿ. ಸುಡುಬಿಸಿಲಿನಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಅದನ್ನು ಬಳಸಬಾರದು.

ಎಲೆ ಚಿಕ್ಕದಾಗಿ, ನರಗಳ ನಡುವೆ ಹಳದಿಯಾಗಿ, ಗೆಣ್ಣುಗಳು ಒತ್ತಾಗಿ ಗಿಡ ಕುಬ್ಜ ಪೊದೆಯಾಗಿದ್ದರೆ ಅದು ಬಿಳಿನೊಣ ಹರಡುವ ನಂಜುರೋಗ (ವೈರಸ್). ಇದಕ್ಕೆ ಮದ್ದಿಲ್ಲ. ಎಷ್ಟೇ ಅಕ್ಕರೆಯಿಂದ ಬೆಳೆಸಿದ್ದರೂ ಆ ಗಿಡವನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿದರೆ ಮಾತ್ರ ಉಳಿದವು ಬದುಕುತ್ತವೆ. ಬಿಳಿನೊಣ ಹಿಡಿಯಲು ಹಳದಿ ಅಂಟುಕಾರ್ಡ್ ಬೇಕು.

ವಾರಕ್ಕೊಮ್ಮೆ ಪ್ರತಿ ಗಿಡದ ಮೂರು ಎಲೆಗಳನ್ನು ತಿರುಗಿಸಿ ನೋಡುವ ಅಭ್ಯಾಸ ಇರುವ ಮನೆಯಲ್ಲಿ ಈ ಮೂರೂ ಮೊದಲ ಹಂತದಲ್ಲೇ ಸಿಕ್ಕಿಬೀಳುತ್ತವೆ. ಔಷಧಿಯ ಪಟ್ಟಿಗಿಂತ ಈ ನೋಟವನ್ನು ನಾನು ಹೆಚ್ಚು ನಂಬುತ್ತೇನೆ.

ಬೇವಿನ ಎಣ್ಣೆ ಹೇಗೆ ಬೆರೆಸೋದು? ಅಂಗಡಿಯವರು ಕೊಟ್ಟ ಬೇರೆ ಔಷಧಿ ಹೊಡೀಬಹುದಾ?

ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ಒಂದೆರಡು ಮಿ.ಲೀ. ಸೋಪಿನ ದ್ರಾವಣ. ಮೊದಲು ಸೋಪು ಮತ್ತು ಎಣ್ಣೆಯನ್ನು ಕಲಸಿ, ನಂತರ ನೀರು ಸೇರಿಸಿ, ಹಾಲಿನ ಬಣ್ಣ ಬಂದ ಮೇಲೆ ಸಂಜೆ ಸಿಂಪಡಿಸಬೇಕು. ಬೆರೆಸಿದ್ದನ್ನು ಮರುದಿನಕ್ಕೆ ಇಡಬಾರದು. ಸಸ್ಯಹೇನು, ಹಿಟ್ಟು ತಿಗಣೆಗಳಿಗೂ ಇದೇ ಸಾಕು. ಅದಕ್ಕೂ ಮೊದಲು ರಭಸದ ನೀರಿನಿಂದ ತೊಳೆದರೆ ಅರ್ಧ ಹೇನು ಹೋಗುತ್ತದೆ. ಗಿಡದೊಳಗೆ ಹರಿಯುವ ರಾಸಾಯನಿಕ ಕೀಟನಾಶಕಗಳನ್ನು, ದಿನವೂ ಕಾಯಿ ಕಿತ್ತು ಒಗ್ಗರಣೆಗೆ ಹಾಕುವ ಮನೆಯ ಗಿಡಕ್ಕೆ ಬಳಸಬಾರದು. ಅಂಥ ಔಷಧಿಗಳಿಗೆ ಸಿಂಪಡಣೆಯಾದ ಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವಿರುತ್ತದೆ, ಅಡುಗೆಮನೆ ಅಷ್ಟು ದಿನ ಕಾಯುವುದಿಲ್ಲ.

ಹಸಿರಾಗಿದ್ದ ಗಿಡ ಎರಡೇ ದಿನದಲ್ಲಿ ಜೋತುಬಿತ್ತು. ನೀರು ಕಮ್ಮಿ ಆಯ್ತಾ?

ಮಣ್ಣು ತೇವವಿದ್ದೂ, ಸಂಜೆಯ ತಂಪಿಗೂ ಚೇತರಿಸಿಕೊಳ್ಳದಿದ್ದರೆ ಅದು ಸೊರಗು ರೋಗ. ಕಾಂಡದ ಬುಡದ ತುಂಡೊಂದನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಹಿಡಿದು ಕೆಲವು ನಿಮಿಷ ನೋಡಬೇಕು; ಹಾಲಿನಂಥ ಎಳೆ ಕೆಳಗಿಳಿದರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ಖಚಿತ. ಆ ಗಿಡವನ್ನೂ ಆ ಕುಂಡದ ಮಣ್ಣನ್ನೂ ಬೇರೆ ಗಿಡಗಳಿಂದ ದೂರ ಮಾಡಬೇಕು. ಎಳೆ ಇಳಿಯದಿದ್ದರೆ ಬೇರು ಬಿಡಿಸಿ ನೋಡಬೇಕು: ಕಂದಾಗಿ ಕೊಳೆತಿದ್ದರೆ ನೀರು ಹೆಚ್ಚಾಗಿದೆ, ಗಂಟುಗಂಟಾಗಿದ್ದರೆ ಜಂತುಹುಳುವಿನ ಬಾಧೆ. ಬೇವಿನ ಹಿಂಡಿ ಮತ್ತು ಅದೇ ಮಣ್ಣಿನಲ್ಲಿ ಒಂದು ಹಂಗಾಮು ಚೆಂಡು ಹೂ ಬೆಳೆಯುವುದು ಜಂತುಹುಳುವನ್ನು ತಗ್ಗಿಸುತ್ತದೆ.

ಮಳೆ ಶುರುವಾದ ಮೇಲೆ ಕಾಯಿ ಮೇಲೆ ಕಪ್ಪು ಮಚ್ಚೆ, ತುದಿ ಕೊಳೆತು ಬೀಳ್ತಿದೆ.

ಹಣ್ಣಾಗುವ ಕಾಯಿಯ ಮೇಲೆ ತಗ್ಗಾದ ಗುಂಡು ಮಚ್ಚೆ, ಅದರೊಳಗೆ ಉಂಗುರಗಳು, ರೆಂಬೆಯ ತುದಿಯಿಂದ ಕೆಳಕ್ಕೆ ಒಣಗುತ್ತ ಬರುವುದು: ಇದು ಚಿಬ್ಬು ರೋಗ. ರೋಗ ತಗುಲಿದ ಕಾಯಿ ಮತ್ತು ರೆಂಬೆಯನ್ನು ಕತ್ತರಿಸಿ ಹೊರಹಾಕಿ, ಕುಂಡಗಳ ನಡುವೆ ಅಂತರ ಕೊಟ್ಟು, ಸೂರಿನ ಕೆಳಗೆ ಸರಿಸಬೇಕು. ಮಚ್ಚೆ ಕಾಯಿಯ ತುದಿಯಲ್ಲಿ ಮಾತ್ರ, ಹಸಿಕಾಯಿಯಲ್ಲೇ, ಕಾಗದದಂತೆ ಒಣಗಿದ್ದರೆ ಅದು ರೋಗವಲ್ಲ. ನೀರು ಏರುಪೇರಾಗಿ ಕ್ಯಾಲ್ಸಿಯಂ ಕಾಯಿಗೆ ತಲುಪದ ಲಕ್ಷಣ. ಮೊಟ್ಟೆಚಿಪ್ಪಿನ ಪುಡಿ ಕರಗಲು ತಿಂಗಳುಗಳು ಬೇಕು, ನೀರನ್ನು ಒಂದು ಹದಕ್ಕೆ ತರುವುದೇ ತಕ್ಷಣದ ಪರಿಹಾರ.

## ಕೊಯ್ಲು ಮತ್ತು ಖಾರ

ಹಸಿರಿರುವಾಗಲೇ ಕೀಳಬೇಕಾ, ಕೆಂಪಾಗೋವರೆಗೆ ಬಿಡಬೇಕಾ?

ಹೂ ಕಟ್ಟಿದ ಮೂರು–ನಾಲ್ಕು ವಾರಕ್ಕೆ ಹಸಿಕಾಯಿ ಸಿದ್ಧ. ಕೆಂಪಾಗಲು ಮತ್ತೆ ಅಷ್ಟೇ ಸಮಯ ಬೇಕು. ಹಸಿರಿರುವಾಗಲೇ ಕೀಳುತ್ತಿದ್ದರೆ ಗಿಡ ಹೊಸ ಹೂ ಬಿಡುತ್ತಲೇ ಇರುತ್ತದೆ. ಕಾಯಿ ಹಣ್ಣಾಗಲು ಬಿಟ್ಟರೆ ಬೀಜ ಬಲಿಸುವುದಕ್ಕೆ ಬಲ ಹೋಗಿ ಹೊಸ ಹೂ ಕಡಿಮೆಯಾಗುತ್ತದೆ. ಆದ್ದರಿಂದ ಒಂದೆರಡು ಗಿಡಗಳನ್ನು ಹಣ್ಣಿಗೆಂದೇ ಬಿಟ್ಟು, ಉಳಿದವನ್ನು ಹಸಿಕಾಯಿಗೆ ಇಟ್ಟುಕೊಳ್ಳುವುದು ಒಳ್ಳೆಯ ಏರ್ಪಾಡು. ಕೀಳುವಾಗ ತೊಟ್ಟಿನ ಸಮೇತ ಮೇಲ್ಮುಖವಾಗಿ ಮುರಿಯಬೇಕು ಅಥವಾ ಕತ್ತರಿ ಬಳಸಬೇಕು. ಕೆಳಕ್ಕೆ ಎಳೆದರೆ ರೆಂಬೆಯೇ ಸೀಳಿಬರುತ್ತದೆ.

ಕಾಯಿ ಚೆನ್ನಾಗಿದೆ, ಖಾರನೇ ಇಲ್ಲ. ಬೀಜದಲ್ಲೇ ಖಾರ ಇರೋದು ಅಲ್ವಾ?

ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ದಿಂಡಿನಲ್ಲಿ. ಕ್ಯಾಪ್ಸೈಸಿನ್ ಎಂಬ ವಸ್ತು ತಯಾರಾಗುವುದು ಅಲ್ಲಿಯೇ, ಬೀಜಕ್ಕೆ ಅದು ತಾಗಿರುತ್ತದೆ ಅಷ್ಟೆ. ಎಷ್ಟು ಖಾರ ಎಂಬುದನ್ನು ಮೊದಲಿಗೆ ನಿರ್ಧರಿಸುವುದು ತಳಿ. ಬ್ಯಾಡಗಿಯ ಗಿಡದಿಂದ ಗುಂಟೂರಿನ ಖಾರ ಬರುವುದಿಲ್ಲ. ಅದೇ ತಳಿಯಲ್ಲಿ ಬಿಸಿಲು ಹೆಚ್ಚಿದ್ದರೆ, ನೀರು ತುಸು ಬಿಗಿಯಾಗಿದ್ದರೆ ಖಾರ ಏರುತ್ತದೆ. ಮಳೆಗಾಲದ, ನೆರಳಿನ, ಗೊಬ್ಬರ ಅತಿಯಾದ ಗಿಡದ ಕಾಯಿ ಸಪ್ಪೆಯಾಗುತ್ತದೆ. ಎಳೆಯ ಕಾಯಿಯಲ್ಲಿ ಖಾರ ಇನ್ನೂ ತುಂಬಿರುವುದಿಲ್ಲ. ಕಾಯಿ ಪೂರ್ಣ ಗಾತ್ರಕ್ಕೆ ಬಂದ ಮೇಲೆ, ಕೀಳುವ ಎರಡು ದಿನ ಮುಂಚೆ ನೀರು ತಡೆದು ನೋಡಬಹುದು, ಎಲೆ ಪೂರ್ತಿ ಬಾಡುವಷ್ಟಲ್ಲ.

ಹಣ್ಣನ್ನ ಒಣಗಿಸೋಕೆ ಇಟ್ಟರೆ ಬೂಷ್ಟು ಬರುತ್ತೆ, ಹೇಗೆ ಒಣಗಿಸಬೇಕು?

ಗಿಡದಲ್ಲೇ ಪೂರ್ತಿ ಕೆಂಪಾಗಿ ತುಸು ಸುಕ್ಕುಗಟ್ಟಿದ ಹಣ್ಣನ್ನು ಮಾತ್ರ ಆರಿಸಬೇಕು. ಕಿತ್ತ ಮೊದಲ ದಿನ ನೆರಳಿನಲ್ಲಿ ರಾಶಿ ಹಾಕಿದರೆ ಅಪ್ಪಿತಪ್ಪಿ ಸೇರಿದ ಅರೆಗೆಂಪು ಕಾಯಿಯೂ ಬಣ್ಣ ತಿರುಗುತ್ತದೆ. ಮರುದಿನದಿಂದ ಚಾಪೆ ಅಥವಾ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರವಿ, ದಿನಕ್ಕೆ ಎರಡು ಸಲ ಮಗುಚಿ, ಸಂಜೆ ಇಬ್ಬನಿ ಬೀಳುವ ಮೊದಲು ಒಳಗಿಡಬೇಕು. ಅಲುಗಿಸಿದಾಗ ಬೀಜ ಗಲಗಲ ಎಂದು, ತೊಟ್ಟು ಮುರಿದರೆ ಟಕ್ಕೆಂದು ಸದ್ದಾದರೆ ಒಣಗಿದೆ. ಮೋಡವಿರುವ ದಿನಗಳಲ್ಲಿ ಉದ್ದಕ್ಕೆ ಸೀಳಿ ಒಣಗಿಸಬಹುದು. ಬೂಷ್ಟು ಕಂಡ ಕಾಯಿಯನ್ನು ಒರೆಸಿ ಬಳಸಬಾರದು, ಅದರ ವಿಷ ಹುರಿದರೂ ಹೋಗುವುದಿಲ್ಲ. ಬಿಸಿಲೇ ಇಲ್ಲದ ಊರಿನವರು ಒಣಗಿಸುವ ಹಟ ಬಿಟ್ಟು ಕೆಂಪು ಹಣ್ಣನ್ನು ಉಪ್ಪು, ನಿಂಬೆರಸದೊಂದಿಗೆ ರುಬ್ಬಿ ಉತ್ತರ ಕರ್ನಾಟಕದ ರಂಜಕ ಮಾಡಿಟ್ಟುಕೊಳ್ಳಲಿ. ಹಸಿಕಾಯಿ ಹೆಚ್ಚಾದರೆ ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಒಣಗಿಸುವ ಬಾಳಕವಿದೆ, ಅದಕ್ಕೆ ಮಾತ್ರ ಬೇಸಿಗೆಯ ಬಿಸಿಲೇ ಬೇಕು.

## ಮುಂದುವರಿದವರಿಗೆ

ಕ್ಯಾಪ್ಸಿಕಂ ಪಕ್ಕ ಖಾರದ ಗಿಡ ಇಟ್ಟರೆ ಕ್ಯಾಪ್ಸಿಕಂ ಖಾರ ಆಗುತ್ತಂತೆ, ನಿಜಾನಾ?

ಈ ವರ್ಷದ ಕಾಯಿ ಖಾರವಾಗುವುದಿಲ್ಲ, ಏಕೆಂದರೆ ಕಾಯಿ ತಾಯಿಗಿಡದ ಅಂಗ. ಆದರೆ ಜೇನುನೊಣ ಪರಾಗ ತಂದಿದ್ದರೆ ಆ ಕಾಯಿಯ ಬೀಜದಿಂದ ಮುಂದಿನ ವರ್ಷ ಹುಟ್ಟುವ ಗಿಡ ಖಾರವಾಗಬಹುದು. ಬೀಜ ಉಳಿಸುವವರಿಗೆ ಮಾತ್ರ ಇದು ಚಿಂತೆಯ ವಿಷಯ. ಅವರು ಮೊಗ್ಗು ಅರಳುವ ಮುನ್ನವೇ ಒಂದು ರೆಂಬೆಗೆ ಸೊಳ್ಳೆಪರದೆಯ ಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ಅಲುಗಿಸಿ, ಕಾಯಿ ಕಟ್ಟಿದ ಮೇಲೆ ಚೀಲ ತೆಗೆದು ಆ ಕಾಯಿಗಳಿಗೆ ದಾರ ಕಟ್ಟಿ ಗುರುತಿಡಬೇಕು. ಪೂರ್ತಿ ಕೆಂಪಾದ ಹಣ್ಣಿನ ಬೀಜವನ್ನು ನೆರಳಿನಲ್ಲಿ ಒಣಗಿಸಿ, ತಳಿಯ ಹೆಸರು ಮತ್ತು ವರ್ಷ ಬರೆದು ಕಾಗದದ ಪೊಟ್ಟಣದಲ್ಲಿ ಇಡಬೇಕು. ಬೀಜಕ್ಕೆ ಆರಿಸುವುದು ಅತಿ ದೊಡ್ಡ ಕಾಯಿಯನ್ನಲ್ಲ, ಇಡೀ ಹಂಗಾಮು ರೋಗವಿಲ್ಲದೆ ನಿಂತ ಗಿಡವನ್ನು.

ಶಿವರಾತ್ರಿ ಆಯ್ತು, ಕಾಯಿ ಬಿಡೋದು ನಿಂತಿದೆ. ಗಿಡ ಕಿತ್ತು ಹಾಕಲಾ?

ಎಲೆಯಲ್ಲಿ ನಂಜುರೋಗದ ಗುರುತಿಲ್ಲದಿದ್ದರೆ ಕೀಳಬಾರದು. ಹೊಲದಲ್ಲಿ ಒಂದೇ ಹಂಗಾಮಿಗೆ ಮುಗಿಸುವುದು ರೂಢಿಯಾದರೂ ಮೆಣಸು ಸ್ವಭಾವತಃ ಬಹುವಾರ್ಷಿಕ ಗಿಡ. ಬುಡದಿಂದ ಆರೆಂಟು ಇಂಚು, ಎರಡು–ಮೂರು ಗಟ್ಟಿ ಕವಲು ಉಳಿಸಿ ಸವರಿ, ಮೇಲಿನ ಎರಡು ಇಂಚು ಮಣ್ಣು ತೆಗೆದು ಹೊಸ ಗೊಬ್ಬರ ತುಂಬಿ, ಚಿಗುರು ಕಾಣುವವರೆಗೆ ಅರೆನೆರಳಿನಲ್ಲಿ ಕಡಿಮೆ ನೀರಿನಲ್ಲಿ ಇಡಬೇಕು. ಮೊದಲ ಮಳೆಗೆ ಅದು ಹೊಸ ಸಸಿಗಿಂತ ಮುಂಚೆ ಹೂ ಬಿಡುತ್ತದೆ. ಎರಡನೆಯ ವರ್ಷದ ನಂತರ ಜ್ವಾಲಾದಂಥವುಗಳ ಕಾಯಿ ಸಣ್ಣದಾಗುವುದರಿಂದ ಬದಲಿಸುವುದು ಲೇಸು. ಗಾಂಧಾರಿ ಅದಕ್ಕಿಂತ ಬಹಳ ಕಾಲ ನಿಲ್ಲುತ್ತದೆ.

ಭೂತ್ ಜೋಲೋಕಿಯಾ ನಮ್ಮಲ್ಲಿ ಬೆಳೆಯುತ್ತಾ?

ಬೆಳೆಯುತ್ತದೆ. 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದಾಗ ಜಗತ್ತಿನ ಅತಿ ಖಾರದ್ದೆನಿಸಿ, ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ ಹತ್ತು ಲಕ್ಷವನ್ನು ದಾಟಿದ್ದ ಈ ಕಾಯಿ ಈಶಾನ್ಯ ಭಾರತದ ಬೆಚ್ಚಗಿನ, ತೇವದ ಹವೆಯದು. ಹಾಗಾಗಿ ಬಯಲುಸೀಮೆಗಿಂತ ಮಲೆನಾಡಿನ ಅಂಚಿನ ಊರುಗಳು ಅದಕ್ಕೆ ಹಿತ. ಬೀಜ ಮೊಳೆಯಲು ಮೂರರಿಂದ ಐದು ವಾರ, ನಾಟಿಯಿಂದ ಹಣ್ಣಿಗೆ ನಾಲ್ಕು ತಿಂಗಳಿಗೂ ಹೆಚ್ಚು ಬೇಕಾಗುತ್ತದೆ. 16 ಇಂಚಿನ ಕುಂಡ, ಮಧ್ಯಾಹ್ನದ ನೆರಳು, ಗೂಟದ ಆಸರೆ ಕೊಡಬೇಕು. ಕೀಳುವಾಗ, ಹೆಚ್ಚುವಾಗ ಕೈಗವಸು ಕಡ್ಡಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಗಿಡ ಬೇಡವೆಂದೇ ನನ್ನ ಸಲಹೆ. ಖಾರ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ: ಉರಿಯುವ ಕೈಗೆ ಮೊದಲು ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪಿನಿಂದ ತೊಳೆಯಬೇಕು. ಬಾಯಿ ಉರಿದರೆ ಹಾಲು ಅಥವಾ ಮೊಸರು.

ನಾವು ಹಿಮ ಬೀಳೋ ದೇಶದಲ್ಲಿದ್ದೀವಿ. ಊರಿಂದ ಬ್ಯಾಡಗಿ ಬೀಜ ತಂದು ಹಾಕಬಹುದಾ?

ತರುವ ಮೊದಲು ಆ ದೇಶದ ನಿಯಮ ನೋಡಬೇಕು. ಬಹುತೇಕ ಕಡೆ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಮುಚ್ಚಿಟ್ಟು ತರುವುದು ಅಪರಾಧ. ಬೆಳೆಯುವ ಕ್ರಮ ಕಷ್ಟವಲ್ಲ: ವಸಂತದ ಕೊನೆಯ ಹಿಮಪಾತಕ್ಕೆ ಎಂಟು–ಹತ್ತು ವಾರ ಮುಂಚೆ ಮನೆಯೊಳಗೆ ಬೆಚ್ಚಗಿನ ಜಾಗದಲ್ಲಿ, ದೀಪದ ಬೆಳಕಿನಲ್ಲಿ ಸಸಿ ಮಾಡಿ, ರಾತ್ರಿ 12–13 ಡಿಗ್ರಿಗಿಂತ ಕೆಳಗಿಳಿಯದ ದಿನ ಬಂದ ಮೇಲೆ ಹೊರಗಿಡಬೇಕು. ಬ್ಯಾಡಗಿ ಹಣ್ಣಾಗಲು ದೀರ್ಘ ಬೇಸಿಗೆ ಬೇಕಾದ್ದರಿಂದ ಬೇಸಿಗೆ ಚಿಕ್ಕದಾದ ಊರುಗಳಲ್ಲಿ ಕಾಯಿ ಹಸಿರಾಗಿಯೇ ಉಳಿಯಬಹುದು. ಅಂಥಲ್ಲಿ ಬೇಗ ಕಾಯಿ ಬಿಡುವ ತಳಿಯೇ ಸೂಕ್ತ. ಶರತ್ಕಾಲದಲ್ಲಿ ಮೊದಲ ಹಿಮಕ್ಕೆ ಮುನ್ನ ಗಿಡವನ್ನು ಸವರಿ, ಎಲೆಯ ತಳದ ಹುಳುಗಳನ್ನು ತೊಳೆದು, ಕುಂಡವನ್ನು ಕಿಟಕಿಯ ಬಳಿ ಒಳಗಿಟ್ಟು, ಮಣ್ಣು ಪೂರ್ತಿ ಒಣಗದಷ್ಟು ಮಾತ್ರ ನೀರು ಕೊಟ್ಟರೆ ಅದೇ ಗಿಡ ಮರುವರ್ಷ ಸಸಿಗಿಂತ ಒಂದು ತಿಂಗಳಾದರೂ ಮುಂಚೆ ಕಾಯಿ ಬಿಡುತ್ತದೆ.